ಮುರುಮೀನಿನ ಹೆಗಲಲ್ಲಿ ಸಿಕ್ಕ ಮೊನೆ

ಡೆಡ್‌ಮನ್ಸ್ ಕೇ, ಲಾಂಗ್ ಐಲೆಂಡ್
ಮೇ ೧೪, ಮಂಗಳವಾರ

ಪ್ರೀತಿಯ ತಮ್ಮ ಥಿಯೊಫಿಲಸ್‌ಗೆ,

ನಸ್ಸೌನಲ್ಲಿ ಎಲ್ಲ ಕ್ಷೇಮವೇ? ಬೆನ್ನುನೋವು ಅಂತ ನೀನು ಬರೆದಿದ್ದೆ. ವರ್ಷವಿಡೀ ಒಂದು ಸುಳ್ಳು ಹೊತ್ತವನಿಗೆ ಅಷ್ಟಾದರೂ ನೋಯಬೇಡವೇ? ಅಮ್ಮನ ಮೊಣಕಾಲು ಮೊದಲಿನ ಹಾಗೇ ಇದೆ, ನಾಲಿಗೆ ಇನ್ನಷ್ಟು ಚೂಪಾಗಿದೆ.

ಜುಲೈನ ಮುಳುಗಿ ಹೊಡೆಯುವ ಮೀನುಬೇಟೆ ಸ್ಪರ್ಧೆಗೆ ಬರುತ್ತೇನೆ, ದೊಡ್ಡ ಮೀನಿಗೆ ಈಟಿಕೋಲಿನ ತುದಿಗೆ ಯಾವ ಮೊನೆ ಹಾಕಲಿ ಅಂತ ಕೇಳಿದ್ದೀಯ. ಹೋದ ವರ್ಷ ಇದೇ ಸ್ಪರ್ಧೆಯ ದಿನ ದಂಡೆಯ ಮೇಲೆ ಎಲ್ಲರೆದುರು, "ಅಕ್ಕ ಕಟ್ಟಿದ ಗಂಟು ಬಿಚ್ಚಿಹೋಯ್ತು ಕಣ್ರೋ, ಇಲ್ದಿದ್ರೆ ಐವತ್ತು ಪೌಂಡಿನ ಮುರುಮೀನು ನಂದೇ" ಅಂದವನು ನೀನು. ಈಗ ಅದೇ ಅಕ್ಕನನ್ನು ಕೇಳುತ್ತೀಯ. ಚರ್ಮ ದಪ್ಪವಿರುವುದು ನೀರಿಗಿಳಿಯುವವನಿಗೆ ಒಳ್ಳೆಯದೇ ಬಿಡು.

ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ, ಕಸುಬಿಗೆ ದ್ರೋಹ ಮಾಡುವವಳಲ್ಲ. ಮೂರು ಮುಳ್ಳಿನದು ತಟ್ಟೆಯಗಲದ ಮೀನಿಗೆ. ದೊಡ್ಡದರ ತಲೆಬುರುಡೆಗೆ ತಾಗಿದರೆ ಮುಳ್ಳು ಮೂರೂ ಮೂರು ದಿಕ್ಕಿಗೆ ಬಾಗುತ್ತವೆ. ಮಡಚುವ ರೆಕ್ಕೆಯ ಒಂಟಿಮೊನೆ ಮಧ್ಯಮ ಮೀನಿಗೆ. ಭಾರದ ಮೀನು ಹೊರಳಿತೆಂದರೆ ಕೋಲೇ ಹಾರೆಯಾಗಿ ಗಾಯವನ್ನು ಅಗಲಿಸುತ್ತದೆ, ಮೀನು ಕಳಚಿಕೊಳ್ಳುತ್ತದೆ. ಐವತ್ತು ಪೌಂಡಿನದಕ್ಕೆ ಬೇಕಾದದ್ದು ಅಪ್ಪ ನಮ್ಮಿಬ್ಬರಿಗೂ ಕಲಿಸಿದ ಕಳಚುಮೊನೆಯೇ. ಅದು ಮೈ ಹೊಕ್ಕು, ಕೋಲಿನಿಂದ ಬಿಡಿಸಿಕೊಂಡು, ಒಳಗೆ ಅಗುಳಿಯ ಹಾಗೆ ಅಡ್ಡ ಮಲಗುತ್ತದೆ. ಆಮೇಲೆ ಮೀನಿಗೂ ನಿನಗೂ ನಡುವೆ ಮೊನೆಯನ್ನು ಕೋಲಿಗೆ ಕಟ್ಟಿದ ಒಂದು ಗೇಣು ಹಗ್ಗ ಮಾತ್ರ. ಮೊನೆ ಆರಿಸುವವನು ಮೊದಲು ಆ ಗೇಣಿನ ಈ ತುದಿಯಲ್ಲಿ ಯಾರಿದ್ದಾರೆ ಅಂತ ನೋಡಿಕೊಳ್ಳಬೇಕು.

ನಿನ್ನ ಆ ಮಾತಿಗೆ ಮುಂಚೆ ಈ ದ್ವೀಪದಲ್ಲಿ ಹದಿನೇಳು ಮಂದಿ ನನ್ನ ಕೈಯ ಮೊನೆಯನ್ನೇ ಹಾಕುತ್ತಿದ್ದರು. ಅದಾದ ಮೇಲೆ ನಾಲ್ವರು. ಅವರಲ್ಲೊಬ್ಬನಿಗೆ ಕಿವಿ ಕೇಳಿಸುವುದಿಲ್ಲ. ಉಳಿದವರು ಫ್ಲಾರಿಡಾದಿಂದ ಡಬ್ಬಿಯಲ್ಲಿ ಬರುವ ಮೊನೆ ತರಿಸುತ್ತಾರೆ, ನನ್ನ ಕಂಡರೆ ಹವಾಮಾನದ ಮಾತು ತೆಗೆಯುತ್ತಾರೆ. ನಾನೂ ರಾತ್ರಿಗಳಲ್ಲಿ ಬೆರಳು ನೋಡಿಕೊಂಡು, ಗಂಟು ನಿಜವಾಗಿಯೂ ಸಡಿಲಿತ್ತೇನೋ ಅಂದುಕೊಂಡಿದ್ದೇನೆ. ಅದನ್ನು ನಾನು ಮರೆಯುವುದಿಲ್ಲ.

ಹೋದ ಶುಕ್ರವಾರ ಎಜೆಕಿಲ್ ಮಾವ ಗಾಳಕ್ಕೆ ಸಿಕ್ಕ ಒಂದು ಕರಿ ಮುರುಮೀನನ್ನು ದಂಡೆಯ ಕಲ್ಲಿನ ಮೇಲೆ ಹಾಕಿ ಕೊಯ್ಯುತ್ತಿದ್ದ. ಹೆಗಲ ಹತ್ತಿರ ಚಾಕು ಟಣ್ಣೆಂದಿತು. "ಏ ಯೂಲಾ, ನಿನ್ನ ಸರಕು ಇಲ್ಲಿ ಮನೆ ಮಾಡ್ಕೊಂಡಿದೆ, ಬಾಡಿಗೆ ವಸೂಲಿ ಮಾಡ್ಕೋ ಬಾರೇ!" ಅಂತ ಕೂಗಿದ. ಹೋಗಿ ನೋಡಿದೆ. ನಾನು ಅರದಲ್ಲಿ ಉಜ್ಜಿದ ಮೊನೆ, ನಿನ್ನ ಗುರುತಿಗೆಂದು ಕೊರೆದ ಒಂದು ಗೀರು. ಸುತ್ತ ಮಾಂಸ ಕೂಡಿಕೊಂಡಿತ್ತು. ಗಂಟು, ಅಪ್ಪನ ಮೂರು ಸುತ್ತಿನ ಗಂಟು, ಕಟ್ಟಿದಾಗ ಹೇಗಿತ್ತೋ ಹಾಗೇ. ಹಗ್ಗ ನಾಲ್ಕು ಬೆರಳಷ್ಟು ಉಳಿದಿತ್ತು. ಬಂಡೆಗೆ ಉಜ್ಜಿ ಹರಿದ ಹಗ್ಗ ಆಡಿನ ಗಡ್ಡದಂತಿರುತ್ತದೆ. ಇದರ ತುದಿ ಓರೆಯಾಗಿ, ನುಣ್ಣಗೆ, ಒಂದೇ ಎಳೆತಕ್ಕೆ ಕೊಯ್ದದ್ದು. ಎಜೆಕಿಲ್ ಮಾವ ಅದನ್ನು ನೋಡಿದ, ನನ್ನನ್ನು ನೋಡಿದ. "ಹುಡ್ಗ ಕೋಲು ಮಾತ್ರ ಜೋಪಾನವಾಗಿ ತಂದಿದ್ದ, ಅಲ್ವೇನೇ?" ಅಂದ.

ಮೀನು ಬಿಲ ಹೊಕ್ಕು ಎಳೆದಾಗ ನಿನ್ನ ಉಸಿರು ಮುಗಿಯಿತು, ನೀನು ಹಗ್ಗ ಕೊಯ್ದೆ. ತಪ್ಪಲ್ಲ. ಅಪ್ಪನೂ ಎರಡು ಸಲ ಕೊಯ್ದಿದ್ದ. ಎರಡು ಸಲವೂ ಮನೆಗೆ ಬಂದು, "ಹೆದರ್ಕೊಂಡೆ ಕಣ್ರೇ" ಅಂತ ಹೇಳಿ ಊಟಕ್ಕೆ ಕೂತಿದ್ದ. ನೀನು ಕೊಯ್ದದ್ದು ಹಗ್ಗವನ್ನು, ದಂಡೆಯ ಮೇಲೆ ಹರಾಜಿಗಿಟ್ಟದ್ದು ನನ್ನ ಹೆಸರನ್ನು.

ಆ ಮೊನೆಯನ್ನು ಹಗ್ಗದ ಸಮೇತ ದಂಡೆಯ ಕಂಬಕ್ಕೆ ತೂಗುಹಾಕಿದ್ದೇನೆ. ಯಾರದು ಅಂತ ನಾನು ಹೇಳಿಲ್ಲ. ಆದರೆ ಇಲ್ಲಿಯವರಿಗೆ ಗಂಟೂ ಓದಲು ಬರುತ್ತದೆ, ಗೀರೂ ಓದಲು ಬರುತ್ತದೆ.

ದೇವರು ನಿನ್ನ ಉಸಿರನ್ನು ಉದ್ದ ಮಾಡಲಿ, ನಾಲಿಗೆಯನ್ನು ಗಿಡ್ಡ ಮಾಡಲಿ.

ನಿನ್ನ ಅಕ್ಕ,
ಯೂಲಾಮೇ

ತಾ.ಕ.: ಅಂಚೆದೋಣಿ ಹೊರಡುತ್ತಿದೆ, ಬೇಗ ಬರೆಯುತ್ತೇನೆ. ಪೊಟ್ಟಣದಲ್ಲಿ ನಿನಗೆ ಹೊಸ ಕಳಚುಮೊನೆ ಇದೆ. ಈ ಸಲ ಹಗ್ಗವಲ್ಲ, ಉಕ್ಕಿನ ತಂತಿ. ನಿನ್ನ ಚಾಕು ಅದಕ್ಕೆ ನಾಟುವುದಿಲ್ಲ. ಜೊತೆಗೆ ಅಪ್ಪನ ತಂತಿ ಕತ್ತರಿಸುವ ಇಕ್ಕಳವನ್ನೂ ಇಟ್ಟಿದ್ದೇನೆ. ಸೊಂಟಕ್ಕೆ ಕಟ್ಟಿಕೊಂಡೇ ಇಳಿ. ಪ್ರಾಣಕ್ಕೆ ಬಂದರೆ ಕತ್ತರಿಸು, ಮೇಲೆ ಬಂದು ಕತ್ತರಿಸಿದೆ ಅಂತ ಹೇಳು. ಆದರೆ ಮೊದಲು ಆ ಕಂಬದ ಹತ್ತಿರ ನಿಂತು ಹೋದ ವರ್ಷದ್ದನ್ನು ಹೇಳಿ ಮುಗಿಸು. ಅಲ್ಲಿಯವರೆಗೆ ನನ್ನ ಮನೆಯ ಮೆಟ್ಟಿಲು ಹತ್ತಬೇಡ.