ಯಾರೂ ಒತ್ತದ ಕಮಾಂಡ್

ಜುಲೈ 11, ಬೆಳಿಗ್ಗೆ

ಇವತ್ತೂ ಅದೇ. ನಾನು ಮಾಡಿದ ಚಾಟ್ ಬಾಟ್‌ಗೆ ನಾನೊಬ್ಬನೇ ಮೆಸೇಜ್ ಹಾಕಿದರೆ ಸ್ಲ್ಯಾಶ್ ಒತ್ತಿದ ತಕ್ಷಣ ಮೂರೂ ಕಮಾಂಡ್ ಬರುತ್ತವೆ. /ನೂಲು, /ಜರಿ, /ಮುಗೀತು. ನಮ್ಮ ಬೀದಿಯ ನೇಕಾರರ ಗ್ರೂಪಿನಲ್ಲಿ ಒತ್ತಿದರೆ ಖಾಲಿ.

ಎಡಗೈಯಲ್ಲಿ ಲಾಳಿ, ಬಲಗೈಯಲ್ಲಿ ಫೋನು. ಅವ್ವ ಬೈದಳು.

"ಕಾಲ ಆಡಿಸ್ಬೇಡ ಡಾ. ಮಗ್ಗ ಅದುರ್ತೈತೆ. ಲಾಳಿ ಎಸಿ."

ಸೀರೆಯ ಒಡಲಿಗೆ ಒಂದು ಬಣ್ಣದ ಲಾಳಿ, ಬಾರ್ಡರಿಗೆ ಇನ್ನೊಂದು. ಅದಕ್ಕೇ ಪಕ್ಕದಲ್ಲಿ ಇನ್ನೊಬ್ಬ ಬೇಕು. ಹತ್ತನೇ ಕ್ಲಾಸ್ ಆದಾಗಿನಿಂದ ಆ ಇನ್ನೊಬ್ಬ ನಾನು.

ಜುಲೈ 12

ಮೆಲ್ವಿನ್‌ನಿಂದ ಉತ್ತರ ಬಂತು. ಮಂಗಳೂರಿನವನು, ಕೋಯಮತ್ತೂರಿನಲ್ಲಿ ಕೆಲಸ. ಬಾಟ್ ಮಾಡುವವರ ಗ್ರೂಪಿನಲ್ಲಿ ಸಿಕ್ಕಿದ. ಕನ್ನಡ ಅಕ್ಷರ ಕಲಿಸಿದ್ದೂ ಅವನೇ. ತಮಿಳುನಾಡಿನ ಈ ಸಿರುಮುಗೈಯಲ್ಲಿ ಮನೆಯೊಳಗೆ ನಾವೆಲ್ಲ ಆಡುವುದು ಕನ್ನಡವೇ, ಕನ್ನಡ ಓದಲು ಮಾತ್ರ ಯಾರಿಗೂ ಬರದು; ಬಾಟ್‌ನಲ್ಲೂ ಮಾತು ಕನ್ನಡ, ಅಕ್ಷರ ತಮಿಳು. ಯಾರೂ ಓದಬಾರದೆಂದೇ ಈ ಡೈರಿಯನ್ನು ಕನ್ನಡದಲ್ಲಿ ಬರೆಯುವುದು.

"ಸ್ಕೋಪ್ ನೋಡು ಮಾರಾಯಾ. ನೀನು ಪ್ರೈವೇಟ್ ಚಾಟ್‌ಗೆ ಮಾತ್ರ ರಿಜಿಸ್ಟರ್ ಮಾಡಿದ್ದಿ. ಗ್ರೂಪ್‌ಗೆ ಬೇರೆ ಮಾಡ್ಬೇಕು."

ಮಾಡಿದೆ. ಬಂತು. ಇಷ್ಟೇನಾ...

ಜುಲೈ 14

ಮೊದಲಾಳಿ ಕೃಷ್ಣಸಾಮಿ ಅವರಿಗೆ ತೋರಿಸಿದೆ. ಇಡೀ ಬೀದಿಗೆ ನೂಲು, ಮಗ್ಗಕ್ಕೆ ಏರಿಸುವ ಹಾಸು ಕೊಡುವವರು ಅವರೇ. ದಿನವಿಡೀ ಫೋನು — ನೂಲು ಇಲ್ಲ, ಜರಿ ಕಳಿಸಿ. ಯಾವ ಮಗ್ಗದಲ್ಲಿ ಸೀರೆ ಆಗಿದೆ ಎಂದು ಮಾತ್ರ ಇವರೇ ಮನೆಮನೆ ಸುತ್ತಿ ಕೇಳಬೇಕು.

"ಒತ್ತಿದ್ರೆ ನಂಗೆ ಗೊತ್ತಾಗ್ತದಾ ತಂಬಿ?"

"ಆಗ್ತದೆ ಅಣ್ಣ. ಆ ಮಗ್ಗಕ್ಕೆ ಹೊಸ ಹಾಸು ಕಳಿಸ್ಬೇಕು ಅಂತ ನಿಮ್ಮ ಫೋನಿಗೇ ಬರ್ತದೆ."

"ಆಡಿ ಹದಿನೆಂಟರೊಳಗೆ ಎಲ್ಲಾರೂ ಅದ್ರಲ್ಲೇ ಹೇಳ್ಬೇಕು. ಹೇಳಿದ್ರೆ ನೀನು ಅಂಗಡೀಲಿ ಕಂಪ್ಯೂಟರ್ ಮುಂದೆ ಕೂರು. ಇಲ್ಲಾಂದ್ರೆ ಲಾಳಿ ಎಸ್ಕೊಂಡು ಸುಮ್ನಿರು. ಸರಿಯಾ?"

ಸರಿ ಎಂದೆ. ಆಡಿ ತಿಂಗಳ ಹದಿನೆಂಟರ ಹಬ್ಬಕ್ಕೆ ಇನ್ನು ಇಪ್ಪತ್ತು ದಿನ. ಅವ್ವನಿಗೆ ಹೇಳಲಿಲ್ಲ.

ಜುಲೈ 17

ಬಾಟ್ ಒಮ್ಮೆ ಉತ್ತರ ಕೊಡುತ್ತೆ, ಒಮ್ಮೆ ಬಾಯಿ ಮುಚ್ಚುತ್ತೆ. ಕಾನ್‌ಫ್ಲಿಕ್ಟ್ ಅಂತ ಎರರ್. ಕೋಡ್ ಎಲ್ಲ ತಡಕಾಡಿದೆ. ಕೊನೆಗೆ ನೋಡಿದರೆ ಮನೆಯ ಹಳೆ ಫೋನಿನಲ್ಲೂ ಓಡುತ್ತಿದೆ, ಮೊನ್ನೆ ಹಾಕಿಕೊಟ್ಟ ಅಂಗಡಿ ಕಂಪ್ಯೂಟರಿನಲ್ಲೂ ಓಡುತ್ತಿದೆ. ಬಾಟ್‌ನ ಕೀಲಿ ಒಂದೇ ಟೋಕನ್, ಅದು ಎರಡು ಕಡೆ. ಫೋನಿನದು ನಿಲ್ಲಿಸಿದೆ.

ಜುಲೈ 21

/ನೂಲು ಒತ್ತುತ್ತಾರೆ. /ಜರಿ ಒತ್ತುತ್ತಾರೆ. /ಮುಗೀತು — ಒಬ್ಬರೂ ಇಲ್ಲ. ಸೀರೆಗಳು ಮಾತ್ರ ಹೆಗಲ ಮೇಲೆ ಅಂಗಡಿಗೆ ಬಂದು ಬೀಳುತ್ತಿವೆ.

"ಏನಪ್ಪ ಎಂಜಿನಿಯರು, ನಿನ್ನ ಬಾಟ್ ಮಲಗ್ಬಿಡ್ತಾ?" ಮೊದಲಾಳಿ.

ಡಿಲೀಟ್ ಮಾಡಿ ಮತ್ತೆ ರಿಜಿಸ್ಟರ್ ಮಾಡಿದೆ. ಪಟ್ಟಿಯಲ್ಲಿ ಮೇಲಕ್ಕೆ ತಂದೆ. ಪಕ್ಕದಲ್ಲಿ ವಿವರಣೆ ಬರೆದೆ. ನಾನು ಒತ್ತಿದರೆ ಕೆಲಸ ಮಾಡುತ್ತೆ.

ಜುಲೈ 24, ಆಡಿ ಅಮಾವಾಸ್ಯೆ

ಮಗ್ಗಕ್ಕೆ ರಜ. ಬೀದಿಯಲ್ಲಿ ಸದ್ದೇ ಇಲ್ಲ. ಲಾಗ್ ಎಲ್ಲ ಮೆಲ್ವಿನ್‌ಗೆ ಕಳಿಸಿದೆ.

"ಬಗ್ ಇಲ್ಲ ಮಾರಾಯಾ. ಜನ ಒತ್ತಲೇ ಇಲ್ಲ. ಅವರನ್ನೇ ಕೇಳು."

ಮೂರನೇ ಮನೆ ಅಂಗಮ್ಮಕ್ಕನ ಹತ್ತಿರ ಹೋದೆ. ನಿನ್ನೆಯೇ ಅವಳ ಸೀರೆ ಮಗ್ಗದಿಂದ ಇಳಿದಿದೆ.

"ಯಾಕಕ್ಕ ಒತ್ತಿಲ್ಲ? ಕಣ್ಣಿಗೆ ತೆರೀಲಿಲ್ವಾ?"

"ತೆರೀತು. ಓದ್ದೆ. ಅದ್ರ ಮೇಲೆ ಕೈ ಹೋಗ್ಲಿಲ್ಲ ತಂಬಿ."

"ಒಂದ್ಸಲ ಮುಟ್ಟಿದ್ರೆ ಸಾಕು."

"ಹೌದಾ? ಹೋಗಿ ನಿಮ್ಮವ್ವನ ಮಗ್ಗದ ಮುಂದೆ ನಿಂತ್ಕೊಂಡು ಅದ್ರಲ್ಲಿ ಬರೆದಿರೋ ಮಾತ ಹೇಳು. ಅವಳು ಪೊರಕೆ ಎತ್ಲಿಲ್ಲಾಂದ್ರೆ ಬಾ, ನಾನೂ ಒತ್ತೀನಿ."

ವಾಪಸ್ ಬರುವಾಗ ತಲೆಗೆ ಹೊಳೆಯಿತು. ಮಗ್ಗದ ಮುಂದೆ ಮುಗೀತು ಅನ್ನುವ ಮಾತು ಯಾರೂ ಆಡುವುದಿಲ್ಲ, ಅಪಶಕುನ. ದೀಪ ಆರಿಸು ಅನ್ನದ ಹಾಗೆ. ಸೀರೆ ಇಳಿದರೂ, ಹಾಸು ತೀರಿದರೂ "ತುಂಬ್ತು" ಅನ್ನಬೇಕು. ನಾನೂ ಬಾಯಲ್ಲಿ ಒಂದು ದಿನವೂ ಹೇಳಿದವನಲ್ಲ. ಫೋನಿನಲ್ಲಿ ಟೈಪ್ ಮಾಡುವಾಗ ಅದು ಮಗ್ಗದ ಮುಂದೆ ಆಡುವ ಮಾತು ಅನ್ನಿಸಲೇ ಇಲ್ಲ.

ಜುಲೈ 25

/ಮುಗೀತು ತೆಗೆದು /ತುಂಬ್ತು ರಿಜಿಸ್ಟರ್ ಮಾಡಿದೆ. ಕೆಲವರ ಫೋನಿನಲ್ಲಿ ಇನ್ನೂ ಹಳೆಯದೇ. ಮನೆಮನೆಗೆ ಹೋಗಿ ಆ್ಯಪ್ ಮುಚ್ಚಿ ತೆರೆದುಕೊಟ್ಟೆ. ಮಧ್ಯಾಹ್ನ ಮೊದಲು ಒತ್ತಿದ್ದು ಅಂಗಮ್ಮಕ್ಕ. ಸಂಜೆಗೆ ಇಡೀ ಬೀದಿ ಶುರು.

ಮೊದಲಾಳಿ ವಾಯ್ಸ್ ಮೆಸೇಜ್: "ಆಡಿ ಹದಿನೆಂಟು ಕಳೆದ ಮಾರನೇ ದಿನ ಬಂದ್ಬಿಡು ತಂಬಿ. ಬನಿಯನ್ನಲ್ಲಿ ಬರ್ಬೇಡ, ಶರ್ಟ್ ಹಾಕ್ಕೋ."

ಜುಲೈ 31

ಅಂಗಡಿ ಕೆಲಸದ ವಿಷಯ ಅವ್ವನಿಗೆ ಹೇಳಿದೆ. ಅವಳು ಕೈ ನಿಲ್ಲಿಸಲಿಲ್ಲ.

"ಫ್ಯಾನು ಇದೆಯಾ ಅಲ್ಲಿ?"

"ಇದೆ."

"ಹ್ಞೂ. ಲಾಳಿ ಎಸಿ."

ಅಷ್ಟೇ. ಈ ಕಡೆ ಕೂತು ಬಾರ್ಡರಿನ ಲಾಳಿ ಎಸೆಯಲು ಇನ್ನು ಯಾರೂ ಇಲ್ಲ. ಒಬ್ಬಳೇ ಆದರೆ ಬೇರೆ ಬಣ್ಣದ ಬಾರ್ಡರಿಲ್ಲದ ಪ್ಲೇನ್ ಸೀರೆ ನೇಯಬಹುದು. ಅದು ಕಣ್ಣು ಮುಚ್ಕೊಂಡು ನೇಯೋದು ಎಂದು ಅವ್ವ ನಗುತ್ತಾಳೆ. ಅವ್ವನ ಸೀರೆಯಲ್ಲಿ ಒಡಲೂ ಬಾರ್ಡರೂ ಸೇರುವ ಕಡೆ ಬೆರಳು ಆಡಿಸಿದರೆ ಏನೂ ತಡೆಯುವುದಿಲ್ಲ. ಮೊದಲಾಳಿ ಗಿರಾಕಿಗಳಿಗೆ ಮೊದಲು ತೋರಿಸುವುದು ಅದನ್ನೇ.

ಮೊದಲಾಳಿ ಕೇಳಿದರು ಎಂದು ಬಾಟ್‌ಗೆ ಒಂದು ಸೇರಿಸಿದೆ. ತುಂಬ್ತು ಎಂದ ಮೇಲೆ ಮುಂದಿನ ಹಾಸು ಯಾವುದು ಎಂದು ಕೇಳುತ್ತೆ. ಎರಡು ಬಟನ್. ಬಾರ್ಡರ್, ಪ್ಲೇನ್. ಟೆಸ್ಟ್ ಮಾಡಿದೆ. ಸರಿಯಾಗಿದೆ.

ಆಗಸ್ಟ್ 2, ಸಂಜೆ

ನಾಳೆ ಆಡಿ ಹದಿನೆಂಟು. ಸೀರೆ ಇಳಿಯಿತು. ಇಬ್ಬರೂ ಒಂದೊಂದು ತುದಿ ಹಿಡಿದು ಮಡಿಸಿದೆವು. ಅವ್ವ ಮಗ್ಗದ ಗುಂಡಿಯಿಂದ ಕಾಲು ಎಳೆದುಕೊಂಡು ಎದ್ದಳು. ಸೆರಗಿಗೆ ಕೈ ಒರೆಸಿ ಫೋನು ಕೇಳಿದಳು. ಇಷ್ಟು ದಿನ ಅವಳದ್ದೂ ನಾನೇ ಒತ್ತುತ್ತಿದ್ದೆ. ಇವತ್ತು /ತುಂಬ್ತು ಅವಳೇ ಒತ್ತಿದಳು. ಬಾಟ್ ತಕ್ಷಣ ಉತ್ತರ ಕೊಟ್ಟಿತು.

"ಕಣ್ಣು ಮಗಾ, ಎರಡು ಕೇಳ್ತೈತೆ. ಯಾವ್ದ ಒತ್ಲಿ?"

ಬಾರ್ಡರ್, ಪ್ಲೇನ್ ಎಂದು ಬಟನ್ ಮೇಲಿರುವುದು ತಮಿಳು ಅಕ್ಷರ. ಅವ್ವನಿಗೆ ಚೆನ್ನಾಗಿ ಓದಲು ಬರುತ್ತೆ.

ನಾಳಿದ್ದು ಅಂಗಡಿಗೆ ಹಾಕುವ ಶರ್ಟ್ ಇಸ್ತ್ರಿ ಆಗಿ ಬಂದಿದೆ, ಗೂಟದಲ್ಲಿದೆ. ಒಂದು ನಿಮಿಷ ಇರವ್ವ ಎಂದು ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಅವಳು ಇನ್ನೂ ಫೋನು ಹಿಡಿದು ನಿಂತಿದ್ದಾಳೆ. ಪರದೆ ಆರದ ಹಾಗೆ ಆಗಾಗ ಬೆರಳು ತಾಗಿಸುತ್ತಾಳೆ, ಬಟನ್ನಿಗೆ ತಾಗದ ಹಾಗೆ —