ಹನ್ನೊಂದು ನಟಿಯರಿಗೆ ಯಜಮಾನರ ಒಪ್ಪಿಗೆ ಪತ್ರ

ರಂಗಮಂದಿರದ ಬೀಗದ ಕೈ ಕಾಯುತ್ತಿರುವ ಮಾನ್ಯರೇ,

ನಿಮ್ಮ ಕಚೇರಿಯಿಂದ ಒಂದೇ ದಿನ ಎರಡು ಲಕೋಟೆ ಬಂದವು. ಮೊದಲನೆಯದರಲ್ಲಿ, ಮಹಿಳಾ ದಿನದಂದು ‘ಹಿರಿಯ ಸ್ತ್ರೀವಾದಿ ನಾಟಕಕಾರ್ತಿ’ಯಾದ ನನಗೆ ಶಾಲು, ಹಾರ, ಹಣ್ಣಿನ ಬುಟ್ಟಿಯ ಸನ್ಮಾನ. ಎರಡನೆಯದರಲ್ಲಿ, ಅದೇ ಸಂಜೆ ಆಡಬೇಕಿದ್ದ ನನ್ನ ನಾಟಕಕ್ಕೆ ತಡೆ: ಹನ್ನೊಂದು ನಟಿಯರೂ ಗಂಡ, ತಂದೆ ಅಥವಾ ಮಗನ ಒಪ್ಪಿಗೆ ಪತ್ರ ಲಗತ್ತಿಸಬೇಕಂತೆ. ಎರಡಕ್ಕೂ ಸಹಿ ನಿಮ್ಮದೇ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಮಾತನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದವರನ್ನು ನಾನು ಕಂಡಿಲ್ಲ.

ನಟಿಯರಲ್ಲಿ ಒಬ್ಬರು ಹುತ್ರಿದುರ್ಗದ ಸಿದ್ದಲಕ್ಷ್ಮಮ್ಮ. ಅರವತ್ತೆರಡು ವರ್ಷ, ಗಂಡ ಇಲ್ಲ, ಅಕ್ಷರ ಬಾರದು. ಮೂರು ತಿಂಗಳು ಕುಣಿಗಲ್ ಬಸ್ಸು ಹಿಡಿದು ಬಟವಾಡಿಯ ನನ್ನ ಮನೆಗೆ ತಾಲೀಮಿಗೆ ಬಂದರು; ನಾನು ಓದಿ ಹೇಳಿದ ಮಾತನ್ನೆಲ್ಲ ಬೀಸುವ ಕಲ್ಲಿನ ಪದದಂತೆ ಕೇಳಿಯೇ ಕಲಿತರು. ಗಂಡನಿದ್ದಾಗ ನಾಟಕ ನೋಡುವುದಕ್ಕೂ ಬಿಡಲಿಲ್ಲವಂತೆ. ಒಂದು ಸಲ ಬಣ್ಣ ಹಚ್ಚಬೇಕೆಂಬುದೊಂದೇ ಆಸೆ. ಅವರನ್ನು ನಿಮ್ಮ ಕಚೇರಿಗೆ ಕರೆತಂದೆ. ಗುಮಾಸ್ತರು ಕುರ್ಚಿಯನ್ನೂ ತೋರಿಸದೆ, ‘ಮಗನ ಕೈಲಿ ಸೈನ್ ಮಾಡಿಸ್ಕೊಂಡ್ ಬನ್ನಿ ಅಜ್ಜಿ’ ಎಂದರು.

‘ಅವ್ನು ಒಲ್ಲೆ ಅಂತವ್ನೆ ಕಣಪ್ಪ. ಎಮ್ಮೆ ಕಟ್ಕೊಂಡು, ಡೈರಿಗೆ ಹಾಲ್ ಹಾಕಿ ಅವ್ನನ್ನ ಓದ್ಸಿದ್ದು ನಾನು. ನನ್ ಹೆಬ್ಬೆಟ್ಟು ಸಾಕಾಗಕ್ಕಿಲ್ವಾ?’

ಸಾಕಾಗಲಿಲ್ಲ. ಹೊರಗೆ ನಿಮ್ಮ ಮೆಟ್ಟಿಲ ಮೇಲೆ ಕುಳಿತು, ‘ಹೋಗ್ಲಿ ಬುಡು ಶಕುಂತಲಕ್ಕ, ನನ್ ಪಾಲ್ಗೆ ಇಷ್ಟೇಯ’ ಎಂದರು. ನನಗೆ ಹೊಟ್ಟೆ ಉರಿದುಹೋಯಿತು. ಇದನ್ನು ಬರೆಯುವಾಗಲೂ ಉರಿಯುತ್ತಿದೆ.

ಸ್ವಾಮಿ, ಈ ಹೆಬ್ಬೆಟ್ಟು ರೇಷನ್ ಅಂಗಡಿಯಲ್ಲಿ ಆಗುತ್ತದೆ, ಬ್ಯಾಂಕಿನಲ್ಲಿ ಆಗುತ್ತದೆ. ಅದೇ ಮಗನ ಹೆಸರಿಗೆ ಜಮೀನು ಬರೆದುಕೊಡುವಾಗ ಬಲು ಚೆನ್ನಾಗಿ ಆಗಿತ್ತು. ನಾಟಕಕ್ಕೆ ಬರುವಷ್ಟರಲ್ಲಿ ಸವೆದುಹೋಯಿತೇ? ಇರಲಿ, ಸನ್ಮಾನಕ್ಕೆ ವೇದಿಕೆ ಹತ್ತಲು ನಾನು ಯಾರ ಪತ್ರ ತರಲಿ? ನನ್ನ ಗಂಡ ರುದ್ರಯ್ಯನವರು ತೀರಿಕೊಂಡು ಹತ್ತೊಂಬತ್ತು ವರ್ಷವಾಯಿತು. ಗಂಡುಮಗನನ್ನು ಹೆರುವ ದೂರಾಲೋಚನೆಯನ್ನೂ ನಾನು ಮಾಡಲಿಲ್ಲ.

ನಲವತ್ತು ವರ್ಷದ ಹಿಂದೆ ಗುಬ್ಬಿಯಲ್ಲಿ ಇದೇ ನಾಟಕ ಮೊದಲು ಆಡಿದಾಗ, ಹೆಂಡತಿಗೆ ಹೊಡೆಯುವ ಗಂಡನ ಪಾತ್ರಕ್ಕೆ ಒಬ್ಬ ಗಂಡಸೂ ಒಪ್ಪಲಿಲ್ಲ. ಮರ್ಯಾದೆಯ ಪ್ರಶ್ನೆಯಂತೆ! ಮನೆಯಲ್ಲಿ ದಿನಾ ಆಡುತ್ತಿದ್ದವರಿಗೂ ವೇದಿಕೆಯಲ್ಲಿ ನಾಚಿಕೆ. ನಾನೇ ಮೀಸೆ ಅಂಟಿಸಿಕೊಂಡೆ. ಬೆಳಿಗ್ಗೆ ಸೀರೆಯಲ್ಲಿ ಹೋದಾಗ ನನ್ನನ್ನು ನಿಲ್ಲಿಸಿಯೇ ಮಾತಾಡಿಸಿದ್ದ ಅಲ್ಲಿನ ರಂಗಮಂದಿರದ ವ್ಯವಸ್ಥಾಪಕರು, ಆಟ ಮುಗಿದಾಗ ಗುರುತು ಸಿಗದೆ, ‘ಬನ್ನಿ ಸಾರ್, ಕೂತ್ಕಳಿ’ ಎಂದು ಕುರ್ಚಿ ಒರೆಸಿಕೊಟ್ಟರು.

ಆ ಮೀಸೆ ಇನ್ನೂ ಟ್ರಂಕಿನಲ್ಲಿದೆ, ಈ ಸಲವೂ ಆ ಗಂಡನ ಪಾತ್ರ ನನ್ನದೇ. ಆದ್ದರಿಂದ ಮೀಸೆ ಅಂಟಿಸಿಕೊಂಡು, ಹನ್ನೊಂದೂ ಪತ್ರಗಳಿಗೆ ಯಜಮಾನನ ಜಾಗದಲ್ಲಿ ನಾನೇ ಸಹಿ ಹಾಕಿ ಲಗತ್ತಿಸಿದ್ದೇನೆ. ನಿಮ್ಮ ಆ ಷರತ್ತನ್ನು ಹಿಂತೆಗೆದುಕೊಂಡು ಬಾಗಿಲು ತೆರೆಯಿರಿ. ಶಾಲನ್ನು ಸಿದ್ದಲಕ್ಷ್ಮಮ್ಮನವರಿಗೆ ಹೊದಿಸಿ. ತೆರೆಯದಿದ್ದರೆ ಆ ಸಂಜೆ ನಿಮ್ಮ ಮೆಟ್ಟಿಲ ಮೇಲೆಯೇ ಆಡುತ್ತೇವೆ. ಆ ಜಾಗ ಸಿದ್ದಲಕ್ಷ್ಮಮ್ಮನವರಿಗಂತೂ ಈಗಾಗಲೇ ಪರಿಚಯವಾಗಿದೆ.

ಇಂತಿ,
ಮೀಸೆ ಇದ್ದಾಗ ಮಾತ್ರ ಕುರ್ಚಿ ಸಿಕ್ಕಿದ
ಶಕುಂತಲಮ್ಮ
ಬಟವಾಡಿ, ತುಮಕೂರು