ಮದ್ದುಗಲ್ಲಿನ ಮೇಲೆ ನಿಮ್ಮ ಹೆಸರು

ಇಳಕಲ್ಲಿನ ಗುಂಡಿಮನೆಗಳಿಂದ,
ಕಲ್ಲುವರ್ಷ ಇನ್ನೂರ ಹದಿನಾಲ್ಕು, ಎರಡನೇ ಬೇಸಿಗೆ, ಹದಿಮೂರನೇ ತಿಂಗಳು

ಶ್ರೀ ರಾಚಪ್ಪ ಹಂಜಗಿಯವರಿಗೆ,

ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಾನು ಕ್ಷಮೆ ಕೇಳುವುದು ಇದೊಂದಕ್ಕೆ ಮಾತ್ರ. ನೀವು ಇನ್ನೂ ಬದುಕಿರುವ ಕಾಲಕ್ಕೆ ಬರೆಯುತ್ತಿದ್ದೇನೆ. ಕ್ಷೇಮವಾಗಿದ್ದೀರಾ ಎಂದು ಕೇಳುವ ಮನಸ್ಸಿಲ್ಲ.

ನೀವು ಗ್ರಾನೈಟ್ ತೆಗೆದು ಬಾಯ್ತೆರೆದು ಬಿಟ್ಟುಹೋದ ಗಣಿಗಳ ಗೋಡೆಯಲ್ಲಿ ಕೊರೆದ ಮನೆಗಳೇ ಗುಂಡಿಮನೆಗಳು. ಮೇಲಿನ ಬಿಸಿಲು ತಾಳಲಾಗದೆ ಇಲ್ಲಿಗಿಳಿದು ತಲೆಮಾರುಗಳಾದವು. ತಳದಲ್ಲಿ ನಿಂತ ನೀರನ್ನು ಸರದಿಯ ಮೇಲೆ ಹಂಚಿಕೊಳ್ಳುತ್ತೇವೆ, ಜೋಳದ ರೊಟ್ಟಿ ಬಡಿಯುತ್ತೇವೆ, ಸಂಜೆ ಮೇಲೆ ಹತ್ತಿ ಗಾಳಿಗೆ ಕೂರುತ್ತೇವೆ. ನಿಮ್ಮ ಯಂತ್ರಗಳಲ್ಲಿದ್ದ ತಿಳಿವಳಿಕೆಯೆಲ್ಲ ಸುಟ್ಟುಹೋಯಿತು. ಹಾಗಾದೀತೆಂದು ಹೆದರಿ ನಿಮ್ಮ ಕಾಲದ ವೈದ್ಯರು ಊರೂರಿಗೆ ಕೆತ್ತಿಸಿಟ್ಟ ಮದ್ದುಗಲ್ಲುಗಳಷ್ಟೇ ಉಳಿದವು. ರಕ್ತ ನೋಡುವುದನ್ನೂ ಮದ್ದು ಮಾಡುವುದನ್ನೂ ಅವುಗಳಿಂದಲೇ ಕಲಿತೆವು. ಊರಿನ ಕಲ್ಲು ಹೇಳದ ಮದ್ದನ್ನು ಆ ಊರಿನಲ್ಲಿ ಕೊಡುವಂತಿಲ್ಲ.

ನನ್ನ ಗಂಡ ಮೈಲಾರಿಗೆ ಕೀಲುಗಳು ಹಿಡಿದಿವೆ. ಬೆಳಿಗ್ಗೆ ಬೆರಳು ಮಡಚಲಾಗುವುದಿಲ್ಲ, ರೊಟ್ಟಿ ನಾನೇ ಮುರಿದು ಕೊಡಬೇಕು. ಅವನ ರಕ್ತದಲ್ಲಿ ಒಳಮುನಿಸು ಕಂಡಿದೆ. ಮೈಯನ್ನು ಕಾಯಬೇಕಾದ ಕಣಗಳು ಮೈಯ ಮೇಲೆಯೇ ಏರಿಹೋಗುವುದಕ್ಕೆ ನಾವಿಟ್ಟ ಹೆಸರದು. ನೀವು ಆ ಕಣಗಳನ್ನು ಸ್ವಪ್ರತಿಕಾಯ ಎನ್ನುತ್ತೀರಿ. ನಮ್ಮ ಕಲ್ಲಿನಲ್ಲಿ ಅದಕ್ಕೊಂದೇ ಸಾಲಿತ್ತು: "ಸ್ವಪ್ರತಿಕಾಯ ಕಂಡರೆ ರೋಗನಿರೋಧಕ ಶಕ್ತಿ ತಗ್ಗಿಸುವ ಮದ್ದು ಕೊಡಿ." ಅದನ್ನು ತಣಿಮದ್ದು ಎನ್ನುತ್ತೇವೆ. ಬರುವ ಅಮಾವಾಸ್ಯೆಗೆ ಮೈಲಾರಿಗೆ ಅದನ್ನು ಕುಡಿಸಬೇಕೆಂದು ಹಿರಿಯರು ಗೊತ್ತು ಮಾಡಿದ್ದರು. ಆ ಸಾಲಿನ ಕೆಳಗೆ, ಹೂಬಳ್ಳಿಯ ಚೌಕಟ್ಟಿನೊಳಗೆ, ಕಲ್ಲಿನ ಕಾಲುಭಾಗ ನುಂಗಿಕೊಂಡು ನೀವು ಕೂತಿದ್ದಿರಿ: "ದಾನಿಗಳು: ಶ್ರೀ ರಾಚಪ್ಪ ಹಂಜಗಿ ಮತ್ತು ಕುಟುಂಬ."

ಹುನಗುಂದದ ಕಲ್ಲಿಗೆ ದಾನಿಗಳೇ ಸಿಗಲಿಲ್ಲವಂತೆ. ಪುಣ್ಯವಂತರು! ಉಪ್ಪು ತರಲು ಹೋದವಳು ಅದನ್ನು ಓದಿದೆ. ಅದೇ ಸಾಲು, ಕೆಳಗೆ ಇನ್ನೊಂದು: "ಮೊದಲು ಮೈಯಲ್ಲಿ ಬಹುಕಾಲದಿಂದ ಅಡಗಿರುವ ವೈರಸ್ ಇದೆಯೇ ನೋಡಿ. ಇದ್ದರೆ ಅದಕ್ಕೆ ಮದ್ದು ಮಾಡಿ. ಸ್ವಪ್ರತಿಕಾಯ ಎಷ್ಟೋ ಸಲ ತಾನೇ ಇಳಿಯುತ್ತದೆ." ಬೆರಳಿಟ್ಟು ಮತ್ತೊಮ್ಮೆ ಓದಿದೆ. ನನ್ನ ಅವ್ವನಿಗೂ ಒಳಮುನಿಸಿತ್ತು. ತಣಿಮದ್ದು ಕುಡಿಸಿದೆವು. ಕಣ್ಣು ಅರಿಸಿನವಾಯಿತು, ಹೊಟ್ಟೆ ಉಬ್ಬಿತು, ಹೋದಳು. ಈಗ ಅರ್ಥವಾಗುತ್ತದೆ: ಅವಳ ಯಕೃತ್ತಿನಲ್ಲಿ ಬಿಡಾರ ಹೂಡಿದ್ದ ವೈರಸ್ಸಿನೊಡನೆ ಅವಳ ಮೈ ಕಾದಾಡುತ್ತಿತ್ತು. ಗುರಿತಪ್ಪಿದ ಏಟುಗಳು ಅವಳ ಕೀಲಿಗೇ ಬೀಳುತ್ತಿದ್ದವು. ನಾವು ಕಾದಾಡುವ ಕೈಗಳನ್ನೇ ಕಟ್ಟಿಹಾಕಿದೆವು. ಮೈಲಾರಿಯನ್ನು ಹುನಗುಂದಕ್ಕೆ ಕರೆದೊಯ್ದು ರಕ್ತ ತೋರಿಸಿದೆ. ಅವನಲ್ಲೂ ಅದೇ ವೈರಸ್ ಇದೆ.

ಊರಿಗೆ ಬಂದವಳೇ ನಮ್ಮ ಕಲ್ಲನ್ನು ತೊಳೆದು ನೋಡಿದೆ. ನಿಮ್ಮ ಹೂಬಳ್ಳಿಯ ಅಡಿಯಲ್ಲಿ "ಮೊದಲು" ಎಂಬ ಪದದ ಗೀರು ಇನ್ನೂ ಇತ್ತು. ಕೆತ್ತಲೆಂದು ಗುರುತು ಹಾಕಿದ್ದ ಸಾಲನ್ನು ಉಜ್ಜಿ ನಿಮ್ಮನ್ನು ಕೂರಿಸಿದ್ದರು. ಥೂ ನಿಮ್ಮ ದಾನಕ್ಕೆ!

ಕಲ್ಲಿನ ಮೇಲಿನ ದಾನಿಯ ಹೆಸರು ತೆಗೆಯುವ ಹಕ್ಕು ಅವನ ವಂಶದವರಿಗೆ ಮಾತ್ರ ಎಂಬುದು ನಮ್ಮಲ್ಲಿಯ ಕಟ್ಟಳೆ. ನಾನು ಹಂಜಗಿ ಮನೆಯ ಮಗಳು. ನಿಮ್ಮ ಹೆಸರಿನಿಂದಲೇ ನಮಗೆ ಮೊದಲ ಕೊಡ ನೀರು, ಸಭೆಯಲ್ಲಿ ಮುಂದಿನ ಕಟ್ಟೆ. ತಮ್ಮ ಗುರುಬಸು ಅಡ್ಡ ನಿಂತ. "ಅಜ್ಜಾರ ಹೆಸರು ತಗದ್ರ ನಾಳಿಂದ ನಮ್ಮನ್ನ ಯಾರ ಕೇಳ್ತಾರಕ್ಕಾ?" ಎಂದ. "ಅವ್ವನ್ನ ನುಂಗಿದ ಹೆಸರೋ ಅದು. ಸರಿ ಆಕಡೆ" ಎಂದೆ. ಸರಿದ.

ಇವತ್ತು ಬೆಳಿಗ್ಗೆ ಊರವರೆದುರು ನಿಮ್ಮನ್ನು ಉಳಿಯಿಂದ ಕೆತ್ತಿ ತೆಗೆದೆ. ಮೈಲಾರಿ ಮಡಚದ ಬೆರಳುಗಳಲ್ಲೇ ಚೂರುಗಳನ್ನು ಗುಡಿಸಿದ. ಆ ಜಾಗದಲ್ಲಿ ಹುನಗುಂದದ ಸಾಲು ಕೆತ್ತಿಯಾಯಿತು. ಹಿರಿಯರು ಅದನ್ನು ಗಟ್ಟಿಯಾಗಿ ಓದಿ ಅಮಾವಾಸ್ಯೆಗೆಂದು ತೆಗೆದಿಟ್ಟಿದ್ದ ತಣಿಮದ್ದಿನ ಬಟ್ಟಲನ್ನು ಬೇಡವೆಂದು ಒಳಗೆ ಒಯ್ದರು. ನೀರಿನ ಸರದಿಯಲ್ಲಿ ಈಗ ನಾವೇ ಕೊನೆಯವರು.

ನಿಮ್ಮ ಕಾಲದಲ್ಲಿ ಆ ಕಲ್ಲು ಇನ್ನೂ ನುಣುಪಾಗಿರಬಹುದು. ಕೆತ್ತುವವನು ಬಂದು, ಜಾಗ ಸಾಲದು ಯಜಮಾನರೇ, ಏನು ಬಿಡಲಿ ಎಂದು ಕೇಳಬಹುದು. ನನ್ನ ಹೆಸರು ಬಿಡು ಎನ್ನಿ. ದುಡ್ಡು ಕೊಟ್ಟು, ಬಾಯಿ ಮುಚ್ಚಿಕೊಂಡು ಮನೆಗೆ ಹೋಗಿ. ಆಗ ನೀವು ಯಾರೆಂದು ನನಗೆ ಗೊತ್ತೇ ಇರುವುದಿಲ್ಲ. ಅವ್ವ ಇರುತ್ತಾಳೆ.

"ಮತ್ತು ಕುಟುಂಬ"ದಲ್ಲಿ ಒಬ್ಬಳು,
ಚಂಪವ್ವ